ಸರ್ವರ್ ಡೌನ್: ಕಾವಲಿಗೊಂದು ಶೆಲ್ ಸ್ಕ್ರಿಪ್ಟ್, ಎಚ್ಚರಿಕೆಗೊಂದು ಇ-ಮೇಲ್

ಕುಮಟಾ: ಸರ್ಕಾರಿ ಕಚೇರಿಯ ಕಿಟಕಿಯ ಮುಂದೆ ಒಮ್ಮೆಯಾದರೂ ನಿಂತವರಿಗೆಲ್ಲ ಪರಿಚಿತವಾದ ಎರಡು ಪದಗಳಿವೆ: ‘ಸರ್ವರ್ ಡೌನ್’. ಪಹಣಿ ಕೇಳಿದವರಿಗೂ, ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದವರಿಗೂ, ಪಡಿತರಕ್ಕಾಗಿ ಬೆರಳಚ್ಚು ನೀಡಲು ಬಂದವರಿಗೂ ದೊರೆಯುವ ಉತ್ತರ ಇದೇ. ಮಿರ್ಜಾನದಿಂದ ತಾಲ್ಲೂಕು ಕೇಂದ್ರವಾದ ಕುಮಟಾಕ್ಕೆ ಸುಮಾರು 11 ಕಿ.ಮೀ. ದೂರ. ಜಮೀನಿನ ಕ್ರಯಪತ್ರ ನೋಂದಣಿಗೆ ಹೊರಟರೆ ಒಬ್ಬರು ಹೋದರೆ ಸಾಲದು. ಕೊಡುವವರು, ಕೊಳ್ಳುವವರು, ಸಾಕ್ಷಿಗಳು, ಮುಂಬಯಿಯಿಂದಲೋ ಬೆಂಗಳೂರಿನಿಂದಲೋ ರಜೆ ಹಾಕಿ ಬಂದ ಹಕ್ಕುದಾರರು, ಎಲ್ಲರೂ ಒಂದೇ ದಿನ ಕೂಡಬೇಕು. ಅಂಥ ದಿನ ಸರ್ವರ್ ಕೈಕೊಟ್ಟರೆ ನಷ್ಟವಾಗುವುದು ಐದಾರು ಮಂದಿಯ ದುಡಿಮೆ, ಬಸ್ ಖರ್ಚು, ಕೆಲವೊಮ್ಮೆ ವ್ಯವಹಾರವೇ.

ಎಂದಿನಿಂದ ಡೌನ್ ಆಗಿದೆ? ಯಾವ ಭಾಗ ಕೆಟ್ಟಿದೆ? ದುರಸ್ತಿ ಮಾಡಬೇಕಾದವರಿಗೆ ಸುದ್ದಿ ತಲುಪಿದೆಯೇ? ಕಿಟಕಿಯ ಒಳಗಿರುವ ಸಿಬ್ಬಂದಿಗೂ ಬಹಳಷ್ಟು ವೇಳೆ ಇದು ತಿಳಿದಿರುವುದಿಲ್ಲ. ಈ ಮೂರು ಪ್ರಶ್ನೆಗಳಿಗೂ ಉತ್ತರ ನೀಡಬಲ್ಲ ಅತಿ ಅಗ್ಗದ ಉಪಾಯವೊಂದು ಗಣಕ ಜಗತ್ತಿನಲ್ಲಿ ದಶಕಗಳಿಂದ ಬಳಕೆಯಲ್ಲಿದೆ. ಇಪ್ಪತ್ತು ಮೂವತ್ತು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್, ಅದನ್ನು ನಿಗದಿತ ವೇಳೆಗೆ ಓಡಿಸುವ ಒಂದು ಗಡಿಯಾರ, ತಪ್ಪು ಕಂಡಾಗ ಹೊರಡುವ ಒಂದು ಇ-ಮೇಲ್. ಸರ್ಕಾರಿ ಸರ್ವರ್‌ಗೆ ಮಾತ್ರವಲ್ಲ, ಸಹಕಾರಿ ಸಂಘ, ಕಾಲೇಜು, ಅಂಗಡಿ, ಆಸ್ಪತ್ರೆ ಹೀಗೆ ಯಾರದೇ ಜಾಲತಾಣಕ್ಕೂ ಇದು ಅನ್ವಯಿಸುತ್ತದೆ.

ತಾಲ್ಲೂಕಿನ ಯಂತ್ರದಿಂದ ರಾಜಧಾನಿಯ ಯಂತ್ರಕ್ಕೆ

ಈ ಸಮಸ್ಯೆಯ ಸ್ವರೂಪ ಅರಿಯಲು ‘ಭೂಮಿ’ ಯೋಜನೆಯ ಇತಿಹಾಸವನ್ನು ನೋಡಬೇಕು. 2000ದ ದಶಕದ ಆರಂಭದಲ್ಲಿ ರಾಜ್ಯದ ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ಪಹಣಿಗಳನ್ನು ಈ ಯೋಜನೆಯಡಿ ಗಣಕೀಕರಿಸಲಾಯಿತು. ತಂತ್ರಾಂಶವನ್ನು ರಾಷ್ಟ್ರೀಯ ಮಾಹಿತಿ ಕೇಂದ್ರ ಸಿದ್ಧಪಡಿಸಿತು. ತಾಲ್ಲೂಕು ಕಚೇರಿಯ ಕಿಯಾಸ್ಕ್‌ನಲ್ಲಿ 15 ರೂಪಾಯಿಗೆ ಪಹಣಿ ದೊರೆಯತೊಡಗಿತು. ಕೈಬರಹದ ಪಹಣಿಯ ಮಾನ್ಯತೆ ರದ್ದಾಯಿತು. ಆರಂಭದಲ್ಲಿ ದತ್ತಾಂಶವಿದ್ದುದು ಆಯಾ ತಾಲ್ಲೂಕಿನ ಸರ್ವರ್‌ನಲ್ಲಿ. ಕುಮಟಾದ ಯಂತ್ರ ಕೆಟ್ಟರೆ ತೊಂದರೆ ಕುಮಟಾದವರಿಗೆ ಮಾತ್ರ. ಹೊನ್ನಾವರದವರಿಗೂ ಭಟ್ಕಳದವರಿಗೂ ತಮ್ಮ ತಮ್ಮ ಪಹಣಿ ಎಂದಿನಂತೆ ದೊರೆಯುತ್ತಿತ್ತು. ಮುಂದೆ ದತ್ತಾಂಶ ಕೇಂದ್ರೀಕೃತವಾಯಿತು. ಅದರಿಂದ ಯಾವ ಊರಿನಲ್ಲಿ ಕುಳಿತರೂ ಯಾವ ಊರಿನ ದಾಖಲೆಯನ್ನಾದರೂ ಪಡೆಯುವ ಅನುಕೂಲವಾಯಿತು. ಜೊತೆಗೆ, ಬೆಂಗಳೂರಿನಲ್ಲಿ ಒಂದೆಡೆ ತೊಡಕಾದರೆ ರಾಜ್ಯದ ಎಲ್ಲ ಕಿಟಕಿಗಳೂ ಒಮ್ಮೆಲೇ ಸ್ತಬ್ಧವಾಗುವ ಅಪಾಯವೂ ಬಂದಿತು.

ಆಸ್ತಿ ನೋಂದಣಿಯ ‘ಕಾವೇರಿ’ ತಂತ್ರಾಂಶವೂ ಇದೇ ಹಾದಿಯಲ್ಲಿ ಸಾಗಿದೆ. 2003ರಲ್ಲಿ ಬಳಕೆಗೆ ಬಂದ ಈ ವ್ಯವಸ್ಥೆಯ ಬದಲಿಗೆ, ಸಂಪೂರ್ಣ ಅಂತರ್ಜಾಲ ಆಧಾರಿತವಾದ ‘ಕಾವೇರಿ 2.0’ 2023ರಲ್ಲಿ ರಾಜ್ಯದಾದ್ಯಂತ ಜಾರಿಯಾಯಿತು. 2024ರ ಡಿಸೆಂಬರ್ ಹಾಗೂ 2025ರ ಜನವರಿಯ ಅವಧಿಯಲ್ಲಿ ಇದರ ಸೇವೆ ತೀವ್ರವಾಗಿ ವ್ಯತ್ಯಯಗೊಂಡು, ಉಪನೋಂದಣಾಧಿಕಾರಿ ಕಚೇರಿಗಳಲ್ಲಿ ಜನ ಕಾದು ಹಿಂದಿರುಗುವಂತಾಯಿತು. ಮೊದಲಿಗೆ ಎಲ್ಲರೂ ಇದನ್ನು ಎಂದಿನ ಸರ್ವರ್ ಸಮಸ್ಯೆ ಎಂದೇ ಭಾವಿಸಿದ್ದರು. ಪರಿಶೀಲನೆಯ ನಂತರ, ಇದು ಉದ್ದೇಶಪೂರ್ವಕವಾಗಿ ನಡೆಸಿದ ‘ಸೇವಾ ನಿರಾಕರಣೆ’ ದಾಳಿ ಎಂದು ಸರ್ಕಾರ ತಿಳಿಸಿತು. ಸೈಬರ್ ಅಪರಾಧ ಪೊಲೀಸರಲ್ಲಿ ಪ್ರಕರಣವೂ ದಾಖಲಾಯಿತು. ನಕಲಿ ಖಾತೆಗಳನ್ನು ಸೃಷ್ಟಿಸಿ, ಸ್ವಯಂಚಾಲಿತ ತಂತ್ರಾಂಶಗಳ ಮೂಲಕ ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಮಿತಿಮೀರಿದ ಕೋರಿಕೆಗಳನ್ನು ಕಳುಹಿಸಲಾಗಿತ್ತು.

ಈ ಬಗೆಯ ದಾಳಿಯಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಯಂತ್ರಕ್ಕೆ ವಿದ್ಯುತ್ ಇರುತ್ತದೆ, ಜಾಲ ಸಂಪರ್ಕ ಇರುತ್ತದೆ, ಯಂತ್ರ ಕೆಲಸವನ್ನೂ ಮಾಡುತ್ತಿರುತ್ತದೆ. ಆದರೆ ಅದು ಮಾಡುತ್ತಿರುವುದು ಬೇರೆಯವರ ಕೆಲಸ. ಕಿಟಕಿಯ ಮುಂದೆ ನಿಂತವರ ಸರದಿ ಬರುವುದೇ ಇಲ್ಲ. ಯಂತ್ರ ಜೀವಂತವಾಗಿದೆ ಎನ್ನುವುದಕ್ಕೂ ಸೇವೆ ಲಭ್ಯವಿದೆ ಎನ್ನುವುದಕ್ಕೂ ಇರುವ ಈ ಅಂತರವೇ ಸರ್ವರ್ ಕಾವಲಿನ ಮೂಲ ಪಾಠ.

ಶೇಕಡಾ 99 ಎಂದರೆ ಎಷ್ಟು?

ಸರ್ವರ್ ನಿರ್ವಹಣೆಯ ಗುತ್ತಿಗೆಗಳಲ್ಲಿ ಲಭ್ಯತೆಯನ್ನು ಶೇಕಡಾವಾರು ಲೆಕ್ಕದಲ್ಲಿ ಬರೆಯುವುದು ವಾಡಿಕೆ. ಶೇ 99 ಎಂದು ಕೇಳಿದರೆ ಪರೀಕ್ಷೆಯ ಅಂಕದಂತೆ ಸಂತೋಷವಾಗುತ್ತದೆ. ಆದರೆ 30 ದಿನಗಳ ತಿಂಗಳಿಗೆ 720 ಗಂಟೆ. ಅದರ ಶೇ 1 ಎಂದರೆ 7 ಗಂಟೆ 12 ನಿಮಿಷ. ಆ ಏಳು ಗಂಟೆಗಳು ನಡುರಾತ್ರಿಯಲ್ಲಿ ಬಿದ್ದರೆ ಯಾರಿಗೂ ತಿಳಿಯದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಆರಂಭವಾದರೆ ಒಂದು ಇಡೀ ಕೆಲಸದ ದಿನವೇ ಹೋಯಿತು, ಗುತ್ತಿಗೆದಾರರ ಶೇ 99 ಮಾತ್ರ ಹಾಗೆಯೇ ಉಳಿಯಿತು. ಶೇ 99.9 ಎಂದರೆ ತಿಂಗಳಿಗೆ ಸುಮಾರು 43 ನಿಮಿಷ, ಶೇ 99.99 ಎಂದರೆ ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು. ಕಚೇರಿ ವೇಳೆಯ ಲಭ್ಯತೆ ಮತ್ತು ದಿನದ 24 ಗಂಟೆಯ ಲಭ್ಯತೆಯನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕದ ಯಾವ ವರದಿಯನ್ನೂ ನಂಬಬೇಕಾಗಿಲ್ಲ.

ಏನಿದು ಶೆಲ್ ಸ್ಕ್ರಿಪ್ಟ್?

ಯೂನಿಕ್ಸ್ ಹಾಗೂ ಲಿನಕ್ಸ್ ಗಣಕಗಳಲ್ಲಿ ಬಳಕೆದಾರರ ಆದೇಶಗಳನ್ನು ಸ್ವೀಕರಿಸಿ ಯಂತ್ರದಿಂದ ಕೆಲಸ ಮಾಡಿಸುವ ತಂತ್ರಾಂಶವೇ ಶೆಲ್. ಬೆರಳಚ್ಚಿಸಬೇಕಾದ ಆದೇಶಗಳನ್ನು ಒಂದರ ಕೆಳಗೊಂದು ಕಡತದಲ್ಲಿ ಬರೆದಿಟ್ಟರೆ ಅದು ಶೆಲ್ ಸ್ಕ್ರಿಪ್ಟ್. ಅಮೆರಿಕದ ಬೆಲ್ ಪ್ರಯೋಗಾಲಯದ ಸ್ಟೀಫನ್ ಬೋರ್ನ್ ರೂಪಿಸಿದ ಶೆಲ್ 1979ರಲ್ಲಿ ಯೂನಿಕ್ಸ್‌ನ ಏಳನೇ ಆವೃತ್ತಿಯೊಂದಿಗೆ ಹೊರಬಂತು. ಇಂದು ಬಹುತೇಕ ಲಿನಕ್ಸ್ ಯಂತ್ರಗಳಲ್ಲಿರುವ ‘ಬ್ಯಾಷ್’ ಅದರ ವಂಶದ್ದೇ. ಬ್ರಯನ್ ಫಾಕ್ಸ್ ಇದನ್ನು 1989ರಲ್ಲಿ ಬಿಡುಗಡೆ ಮಾಡಿದರು. ಪರವಾನಗಿ ಶುಲ್ಕವಿಲ್ಲ. ಹಳೆಯ ಮೇಜುಗಣಕವೊಂದು ಮೂಲೆಯಲ್ಲಿ ಬಿದ್ದಿದ್ದರೂ ಈ ಕೆಲಸಕ್ಕೆ ಸಾಕು.

ಸರ್ವರ್ ಬದುಕಿದೆಯೇ ಎಂದು ನೋಡುವ ಅತ್ಯಂತ ಹಳೆಯ ಆದೇಶ ‘ಪಿಂಗ್’. ಅಮೆರಿಕದ ಸೇನಾ ಪ್ರಯೋಗಾಲಯವೊಂದರಲ್ಲಿದ್ದ ಮೈಕ್ ಮೂಸ್ ಇದನ್ನು 1983ರ ಡಿಸೆಂಬರ್‌ನಲ್ಲಿ ಬರೆದರು. ಜಲಾಂತರ್ಗಾಮಿಗಳ ಪತ್ತೆಗೆ ಬಳಸುವ ಸೋನಾರ್ ಉಪಕರಣದ ಶಬ್ದವೇ ಹೆಸರಿಗೆ ಮೂಲ. ಒಂದು ಪುಟ್ಟ ಸಂದೇಶ ಕಳುಹಿಸಿ, ಪ್ರತಿಧ್ವನಿ ಮರಳಿತೇ, ಎಷ್ಟು ಮಿಲಿಸೆಕೆಂಡು ಹಿಡಿಯಿತು ಎಂದು ಅದು ಹೇಳುತ್ತದೆ. ಅಷ್ಟೇ. ಅದು ಬಾಗಿಲು ಬಡಿದು ‘ಮನೆಯಲ್ಲಿ ಯಾರಾದರೂ ಇದ್ದೀರಾ’ ಎಂದು ಕೇಳಿದಂತೆ. ಒಲೆ ಉರಿಯುತ್ತಿದೆಯೇ ಎಂಬುದು ಅದಕ್ಕೆ ತಿಳಿಯದು. ಇದಲ್ಲದೆ ಭದ್ರತೆಯ ಕಾರಣಕ್ಕೆ ಅನೇಕ ಸರ್ವರ್‌ಗಳು ಪಿಂಗ್‌ಗೆ ಉತ್ತರಿಸದಂತೆ ಬಿಗಿ ಮಾಡಲಾಗಿರುತ್ತದೆ. ಹೀಗಾಗಿ ಪಿಂಗ್ ಉತ್ತರ ಬಂದರೂ ಸೇವೆ ಸತ್ತಿರಬಹುದು, ಬಾರದಿದ್ದರೂ ಸೇವೆ ಚೆನ್ನಾಗಿರಬಹುದು.

ಆದ್ದರಿಂದ ನಿಜವಾದ ಪರೀಕ್ಷೆಗೆ ‘ಕರ್ಲ್’ ಎಂಬ ಆದೇಶವನ್ನು ಬಳಸಲಾಗುತ್ತದೆ. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದ ಈ ತಂತ್ರಾಂಶ ಬ್ರೌಸರ್‌ನಂತೆಯೇ ಜಾಲಪುಟವನ್ನು ಕೇಳಿ ತರುತ್ತದೆ. ಶೆಲ್‌ನ ಲೋಕದಲ್ಲಿ ಪ್ರತಿ ಆದೇಶವೂ ಮುಗಿಯುವಾಗ ಒಂದು ಸಂಖ್ಯೆಯನ್ನು ಬಿಟ್ಟು ಹೋಗುತ್ತದೆ. ಸೊನ್ನೆ ಎಂದರೆ ಕ್ಷೇಮ, ಬೇರೆ ಯಾವುದೇ ಸಂಖ್ಯೆ ಎಂದರೆ ತೊಂದರೆ. ಕರ್ಲ್ ಬಿಟ್ಟುಹೋಗುವ ಸಂಖ್ಯೆಗಳೇ ಅರ್ಧ ರೋಗನಿದಾನ ಮಾಡಿಬಿಡುತ್ತವೆ. 6 ಎಂದರೆ ಜಾಲತಾಣದ ಹೆಸರಿಗೆ ವಿಳಾಸವೇ ಸಿಗಲಿಲ್ಲ. ದೋಷ ಹೆಸರಿನ ವ್ಯವಸ್ಥೆಯಲ್ಲಿದೆ. 7 ಎಂದರೆ ವಿಳಾಸ ಸಿಕ್ಕಿತು, ಸಂಪರ್ಕ ಸಾಧ್ಯವಾಗಲಿಲ್ಲ. 28 ಎಂದರೆ ನಿಗದಿಪಡಿಸಿದ ಕಾಲಮಿತಿಯೊಳಗೆ ಉತ್ತರ ಬರಲಿಲ್ಲ. 60 ಎಂದರೆ ಭದ್ರತಾ ಪ್ರಮಾಣಪತ್ರವನ್ನು ನಂಬಲಾಗಲಿಲ್ಲ. ಇನ್ನು ಉತ್ತರ ಬಂದರೂ ಅದರ ಜೊತೆಗೊಂದು ಸ್ಥಿತಿಸಂಖ್ಯೆ ಇರುತ್ತದೆ. 200 ಎಂದರೆ ಎಲ್ಲವೂ ಸರಿ; 404 ಎಂದರೆ ಪುಟವಿಲ್ಲ; 500 ಎಂದರೆ ಒಳಗಿನ ತಂತ್ರಾಂಶ ಎಡವಿದೆ; 502 ಅಥವಾ 504 ಎಂದರೆ ಮುಂದಿನ ಸರ್ವರ್ ಎಚ್ಚರವಿದೆ, ಅದರ ಹಿಂದಿನದು ಉತ್ತರಿಸುತ್ತಿಲ್ಲ; 503 ಎಂದರೆ ಸದ್ಯ ಸೇವೆ ನೀಡಲಾಗದು, ಹಲವು ಬಾರಿ ಇದರ ಕಾರಣ ಅತಿಭಾರ. ಕಿಟಕಿಯ ಮುಂದೆ ಇವೆಲ್ಲಕ್ಕೂ ಒಂದೇ ಹೆಸರು, ಆದರೆ ದುರಸ್ತಿ ಮಾಡುವವರು ಬೇರೆ ಬೇರೆ.

200 ಬಂದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ‘ಸೇವೆ ತಾತ್ಕಾಲಿಕವಾಗಿ ಲಭ್ಯವಿಲ್ಲ’ ಎಂಬ ಸುಂದರ ಪುಟವನ್ನೇ 200 ಸಂಖ್ಯೆಯೊಂದಿಗೆ ನೀಡುವ ತಾಣಗಳಿವೆ. ಹೀಗಾಗಿ ಪುಟದಲ್ಲಿ ಇರಲೇಬೇಕಾದ ಪದವೊಂದು ಇದೆಯೇ ಎಂದು ‘ಗ್ರೆಪ್’ ಆದೇಶದಿಂದ ಹುಡುಕಿಸಬೇಕು. ಕನ್ನಡ ಪುಟಗಳಲ್ಲಿ ಇಲ್ಲೊಂದು ತೊಡಕಿದೆ. ಯೂನಿಕೋಡ್‌ನಲ್ಲಿ ‘ಕೋ’ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಬಿಡಿ ಸಂಕೇತಗಳನ್ನು ಜೋಡಿಸಿಯೂ ಬರೆಯಬಹುದು. ‘ಸರ್ವರ್‌ನಲ್ಲಿ’ ಎಂಬಂತಹ ಪದಗಳ ನಡುವೆ ಕಣ್ಣಿಗೆ ಕಾಣದ ಬೇರ್ಪಡಿಕೆ ಸಂಕೇತವೂ ಸೇರಿರುತ್ತದೆ. ಓದುಗರ ಕಣ್ಣಿಗೆ ಎರಡೂ ಒಂದೇ, ಗ್ರೆಪ್‌ಗೆ ಬೇರೆ ಬೇರೆ. ಪುಟ ಸರಿಯಾಗಿದ್ದರೂ ‘ಪದ ಸಿಗಲಿಲ್ಲ’ ಎಂಬ ಸುಳ್ಳು ಎಚ್ಚರಿಕೆ ಹೊರಡುತ್ತದೆ. ಒತ್ತು ಮತ್ತು ಅರ್ಧಾಕ್ಷರಗಳಿಲ್ಲದ ಚಿಕ್ಕ ಪದವನ್ನೋ ಅಂಕಿಯನ್ನೋ ಆರಿಸಿಕೊಳ್ಳುವುದು ಕ್ಷೇಮ.

ಕಾಲಮಿತಿ ಮತ್ತು ನೆನಪು

ಸ್ಕ್ರಿಪ್ಟ್ ಬರೆಯುವವರು ಮೊದಲು ಮಾಡಬೇಕಾದ ಕೆಲಸ ಕಾಲಮಿತಿ ಹಾಕುವುದು. ಮಿತಿ ಹೇಳದಿದ್ದರೆ ಕರ್ಲ್ ಸಂಪರ್ಕಕ್ಕಾಗಿಯೇ ಐದು ನಿಮಿಷ ಕಾಯಬಲ್ಲದು. ಅಷ್ಟರಲ್ಲಿ ಮುಂದಿನ ಸರದಿಯ ಪರೀಕ್ಷೆ ಆರಂಭವಾಗಿ, ಒಂದರ ಹಿಂದೊಂದು ಸ್ಕ್ರಿಪ್ಟ್‌ಗಳು ಜಮೆಯಾಗಿ, ಕಾವಲುಗಾರನೇ ಕುಸಿಯುತ್ತಾನೆ. ಹತ್ತು ಸೆಕೆಂಡಿನ ಮಿತಿ ಸಾಮಾನ್ಯ ಜಾಲಪುಟಕ್ಕೆ ಸಾಕು. ಒಂದು ಓಟ ಮುಗಿಯುವ ಮುನ್ನ ಇನ್ನೊಂದು ಆರಂಭವಾಗದಂತೆ ‘ಎಫ್‌ಲಾಕ್’ ಆದೇಶದಿಂದ ಬೀಗ ಹಾಕುವುದೂ ರೂಢಿ.

ಎರಡನೆಯದಾಗಿ ಸ್ಕ್ರಿಪ್ಟ್‌ಗೆ ನೆನಪು ಬೇಕು. ಐದು ನಿಮಿಷಕ್ಕೊಮ್ಮೆ ಪರೀಕ್ಷಿಸಿದರೆ ದಿನಕ್ಕೆ 288 ಪರೀಕ್ಷೆ. ಪ್ರತಿ ಸೋಲಿಗೂ ಒಂದು ಇ-ಮೇಲ್ ಕಳುಹಿಸಿದರೆ, ಸರ್ವರ್ ಒಂದು ದಿನ ಬಿದ್ದಾಗ ಅಧಿಕಾರಿಯ ಅಂಚೆಪೆಟ್ಟಿಗೆಯಲ್ಲಿ 288 ಪತ್ರಗಳು. ಮರುದಿನ ಅವರು ಮಾಡುವ ಮೊದಲ ಕೆಲಸ, ಆ ಪತ್ರಗಳೆಲ್ಲ ತಾವಾಗಿಯೇ ಪಕ್ಕಕ್ಕೆ ಸರಿಯುವಂತೆ ಸೋಸುವ ನಿಯಮ ಹಾಕುವುದು. ‘ತೋಳ ಬಂತು ತೋಳ’ ಕಥೆಯನ್ನು ಶಾಲೆಯಲ್ಲಿ ಓದಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಿಲ್ಲ.

ಇದಕ್ಕೆ ಪರಿಹಾರ ಒಂದು ಪುಟ್ಟ ಕಡತ. ಹಿಂದಿನ ಪರೀಕ್ಷೆಯಲ್ಲಿ ಸರ್ವರ್ ಮೇಲಿತ್ತೋ ಕೆಳಗಿತ್ತೋ, ಸತತವಾಗಿ ಎಷ್ಟು ಬಾರಿ ಸೋತಿದೆ ಎಂಬುದನ್ನು ಸ್ಕ್ರಿಪ್ಟ್ ಅದರಲ್ಲಿ ಬರೆದಿಡುತ್ತದೆ. ಈ ಬಾರಿ ಸೋಲು ಕಂಡರೆ ಎಣಿಕೆಯನ್ನು ಒಂದು ಹೆಚ್ಚಿಸುತ್ತದೆ, ಎಣಿಕೆ ಎರಡನ್ನು ಮುಟ್ಟಿದಾಗ ಮಾತ್ರ ಪತ್ರ ಹೊರಡುತ್ತದೆ, ಆನಂತರ ಮೌನ. ಮತ್ತೆ ಗೆಲುವು ಕಂಡೊಡನೆ ಎಣಿಕೆಯನ್ನು ಸೊನ್ನೆ ಮಾಡಿ, ‘ಸೇವೆ ಮರಳಿದೆ, ಒಟ್ಟು ಇಷ್ಟು ನಿಮಿಷ ಸ್ಥಗಿತವಾಗಿತ್ತು’ ಎಂಬ ಎರಡನೇ ಪತ್ರ. ಸ್ಥಿತಿ ಬದಲಾದಾಗ ಮಾತ್ರ ಮಾತು ಎಂಬುದೇ ಸೂತ್ರ. ಎರಡು ಸೋಲುಗಳಿಗಾಗಿ ಕಾಯುವುದರಿಂದ ಎಚ್ಚರಿಕೆ ಹತ್ತು ನಿಮಿಷದವರೆಗೆ ತಡವಾಗಬಹುದು ನಿಜ. ಆದರೆ ಕ್ಷಣಮಾತ್ರದ ಜಾಲದೋಷಕ್ಕೆ ಯಾರನ್ನೂ ನಡುರಾತ್ರಿ ಎಬ್ಬಿಸುವುದು ತಪ್ಪುತ್ತದೆ. ಪತ್ರದ ವಿಷಯ ಸಾಲಿನಲ್ಲಿಯೇ ವಿಚಾರ ಮುಗಿಯಬೇಕು: ‘ನೋಂದಣಿ ಪುಟ ಸ್ಥಗಿತ, ಕಾರಣ 28, ಬೆಳಿಗ್ಗೆ 10.35ರಿಂದ’. ಮೊಬೈಲ್‌ನಲ್ಲಿ ಪತ್ರ ತೆರೆಯದೆಯೇ ಇಷ್ಟು ಓದಿಕೊಳ್ಳಬಹುದು.

ಗೆಲುವಿನ ವೇಗವನ್ನೂ ಬರೆದಿಡುವುದು ಅಗತ್ಯ. ಎರಡು ಸೆಕೆಂಡಿನಲ್ಲಿ ತೆರೆಯುತ್ತಿದ್ದ ಪುಟ ಬೆಳಿಗ್ಗೆ ಆರು ಸೆಕೆಂಡು, ಮಧ್ಯಾಹ್ನ ಒಂಬತ್ತು ಸೆಕೆಂಡು ತೆಗೆದುಕೊಂಡರೆ ಸರ್ವರ್ ಇನ್ನೂ ಬಿದ್ದಿಲ್ಲ, ಬೀಳುವ ಹಾದಿಯಲ್ಲಿದೆ. ಕಾವೇರಿ 2.0 ಎದುರಿಸಿದಂತಹ ಅತಿಭಾರದ ಸುಳಿವು ಮೊದಲು ಕಾಣಿಸುವುದು ಇಂತಹ ಅಂಕಿಗಳಲ್ಲಿಯೇ.

ಗಡಿಯಾರದ ಗೊಂದಲ

ಸ್ಕ್ರಿಪ್ಟನ್ನು ನಿಗದಿತ ವೇಳೆಗೆ ಓಡಿಸುವುದು ‘ಕ್ರಾನ್’. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ತುಂಬಿದರೆ ಸಾಕು. ಕೈಯಿಂದ ಓಡಿಸಿದಾಗ ಸರಿಯಾಗಿ ನಡೆದ ಸ್ಕ್ರಿಪ್ಟ್ ಕ್ರಾನ್‌ನಲ್ಲಿ ನಡೆಯಲಿಲ್ಲ ಎಂಬುದು ಹೊಸಬರೆಲ್ಲರ ದೂರು. ಆದೇಶಗಳು ಯಾವ ಕಡತಕೋಶದಲ್ಲಿವೆ ಎಂಬ ಪಟ್ಟಿ ಕ್ರಾನ್‌ಗೆ ಬಹಳ ಚಿಕ್ಕದಾಗಿ ದೊರೆಯುವುದೇ ಇದಕ್ಕೆ ಸಾಮಾನ್ಯ ಕಾರಣ. ಪೂರ್ಣ ದಾರಿಯನ್ನು ಬರೆದರೆ ತೊಂದರೆ ನಿವಾರಣೆಯಾಗುತ್ತದೆ. ಇನ್ನೊಂದು ಬಲೆ ಕಾಲವಲಯದ್ದು. ಬಾಡಿಗೆ ಸರ್ವರ್‌ಗಳ ಗಡಿಯಾರ ಬಹುಮಟ್ಟಿಗೆ ಯುಟಿಸಿ ಸಮಯದಲ್ಲಿರುತ್ತದೆ. ನಮ್ಮ ಬೆಳಿಗ್ಗೆ 10 ಗಂಟೆ ಅದಕ್ಕೆ ನಸುಕಿನ 4.30. ಕಚೇರಿ ವೇಳೆಯಲ್ಲಿ ಮಾತ್ರ ಪರೀಕ್ಷಿಸು ಎಂದು 10ರಿಂದ 5 ಎಂದು ಬರೆದವರು, ಮಧ್ಯಾಹ್ನ ಮೂರೂವರೆಯ ತನಕ ಕಾವಲೇ ಇಲ್ಲದೆ ಕುಳಿತಿರುತ್ತಾರೆ.

ಕ್ರಾನ್‌ನ ಒಂದು ಗುಣ ಹೆಚ್ಚಿನವರಿಗೆ ತಿಳಿದಿಲ್ಲ. ಓಡಿಸಿದ ಸ್ಕ್ರಿಪ್ಟ್ ಏನನ್ನಾದರೂ ಮುದ್ರಿಸಿದರೆ ಅದನ್ನು ತಾನಾಗಿಯೇ ಇ-ಮೇಲ್ ಮಾಡುತ್ತದೆ, ಏನೂ ಮುದ್ರಿಸದಿದ್ದರೆ ಸುಮ್ಮನಿರುತ್ತದೆ. ಯಂತ್ರದಲ್ಲಿ ಅಂಚೆ ವ್ಯವಸ್ಥೆ ಸಿದ್ಧವಿದ್ದರೆ, ತೊಂದರೆಯಾದಾಗ ಮಾತ್ರ ಒಂದು ಸಾಲು ಮುದ್ರಿಸುವ ಸ್ಕ್ರಿಪ್ಟ್ ಬರೆದರೆ ಸಾಕು.

ಪತ್ರ ತಲುಪುವುದೇ ಕಷ್ಟ

ಇಡೀ ವ್ಯವಸ್ಥೆಯಲ್ಲಿ ದುರ್ಬಲ ಕೊಂಡಿ ಸ್ಕ್ರಿಪ್ಟ್ ಅಲ್ಲ, ಇ-ಮೇಲ್. ಕಾವಲು ಸ್ಕ್ರಿಪ್ಟನ್ನು ಅದೇ ಸರ್ವರ್‌ನಲ್ಲಿ ಇರಿಸಿದರೆ, ಸರ್ವರ್ ಬಿದ್ದಾಗ ಪತ್ರ ಹೊರಡುವುದೇ ಇಲ್ಲ. ಸರದಿಯಲ್ಲಿ ಉಳಿದ ಆ ಪತ್ರ ಸರ್ವರ್ ಎದ್ದ ಮೇಲೆ, ‘ಸೇವೆ ಮರಳಿದೆ’ ಪತ್ರದ ಜೊತೆಯಲ್ಲಿಯೇ ಬಂದಿಳಿಯುತ್ತದೆ. ಹೊರಟ ಪತ್ರ ತಲುಪುತ್ತದೆ ಎಂಬ ಖಾತ್ರಿಯೂ ಇಲ್ಲ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ಪತ್ರ ಕಳುಹಿಸುವವರು ಎಸ್‌ಪಿಎಫ್ ಅಥವಾ ಡಿಕೆಐಎಂ ಎಂಬ ಗುರುತಿನ ವ್ಯವಸ್ಥೆಯನ್ನು ಹೊಂದಿರಲೇಬೇಕು. ಯಾವ ಗುರುತೂ ಇಲ್ಲದ ಹಳೆಯ ಗಣಕದಿಂದ ನೇರವಾಗಿ ಕಳುಹಿಸಿದ ಎಚ್ಚರಿಕೆ ಸ್ಪ್ಯಾಮ್ ಪೆಟ್ಟಿಗೆ ಸೇರುವುದು ಅಥವಾ ತಿರಸ್ಕೃತವಾಗುವುದು ಖಚಿತ. ಅಧಿಕೃತ ಅಂಚೆ ಸರ್ವರ್ ಒಂದರ ಖಾತೆಯ ಮೂಲಕ ಪತ್ರವನ್ನು ಸಾಗಿಸುವುದೇ ಸರಿಯಾದ ಮಾರ್ಗ. ಎಸ್‌ಎಂಎಸ್ ಕಳುಹಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಟ್ರಾಯ್‌ನ 2018ರ ನಿಯಮಾವಳಿಯಂತೆ ಸಂಸ್ಥೆಗಳು ಕಳುಹಿಸುವವರ ಹೆಸರನ್ನೂ ಸಂದೇಶದ ಮಾದರಿಯನ್ನೂ ಮುಂಚಿತವಾಗಿ ನೋಂದಾಯಿಸಬೇಕು. ಸಣ್ಣ ಸಂಸ್ಥೆಗೆ ಇದು ದುಬಾರಿ ಗೊಡವೆ.

ಯಾರಿಗೆ ಕಳುಹಿಸಬೇಕು ಎಂಬುದು ತಂತ್ರಜ್ಞಾನದ ಪ್ರಶ್ನೆಯಲ್ಲ, ಆಡಳಿತದ್ದು. ವ್ಯಕ್ತಿಯ ಹೆಸರಿನ ವಿಳಾಸಕ್ಕೆ ಹೊರಟ ಎಚ್ಚರಿಕೆ, ಅವರು ವರ್ಗವಾಗಿ ಹೋದ ಮೇಲೂ ಅವರನ್ನೇ ಹುಡುಕಿಕೊಂಡು ಹೋಗುತ್ತದೆ. ಹುದ್ದೆಯ ಹೆಸರಿನ ವಿಳಾಸವೊಂದನ್ನು ಮಾಡಿ, ಆ ದಿನ ಕೆಲಸದಲ್ಲಿರುವವರಿಗೆ ಅದು ತಲುಪುವಂತೆ ಮಾಡುವುದು ಐದು ನಿಮಿಷದ ಕೆಲಸ. ಅದನ್ನು ಮಾಡದೆ ಲಕ್ಷಾಂತರ ರೂಪಾಯಿಯ ಕಾವಲು ತಂತ್ರಾಂಶ ಕೊಂಡರೂ ಪ್ರಯೋಜನವಿಲ್ಲ.

ಕಾವಲುಗಾರ ಎಲ್ಲಿ ನಿಲ್ಲಬೇಕು?

ಮಿರ್ಜಾನ ಕೋಟೆಯ ಬುರುಜುಗಳನ್ನು ಕಂಡವರಿಗೆ ಗೊತ್ತು, ಕಾವಲಿನ ಜಾಗ ಉಗ್ರಾಣದ ಒಳಗಲ್ಲ. ಅಂತರ್ಜಾಲದ ದೈತ್ಯ ಸಂಸ್ಥೆಗಳಿಗೂ ಈ ವಿಷಯ ಪೆಟ್ಟು ತಿಂದ ಮೇಲೆಯೇ ಮನವರಿಕೆಯಾಯಿತು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಸಂಗ್ರಹ ಸೇವೆ ಕುಸಿದಾಗ, ಸೇವೆಗಳ ಸ್ಥಿತಿಗತಿ ತಿಳಿಸುವ ಅದರ ಫಲಕವನ್ನು ಕೆಲ ಗಂಟೆಗಳ ಕಾಲ ಪರಿಷ್ಕರಿಸಲಾಗಲಿಲ್ಲ. ಆ ಫಲಕವೂ ಅದೇ ಸಂಗ್ರಹ ಸೇವೆಯನ್ನು ಅವಲಂಬಿಸಿತ್ತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಹಾಗೂ ಇನ್‌ಸ್ಟಾಗ್ರಾಂ ಸುಮಾರು ಆರು ಗಂಟೆ ಮಾಯವಾದಾಗ, ದೋಷ ಸರಿಪಡಿಸಲು ಎಂಜಿನಿಯರುಗಳು ಬಳಸುವ ಒಳಗಿನ ಉಪಕರಣಗಳೂ ಕೈಕೊಟ್ಟಿದ್ದವು.

ಹೊರಗೆ ನಿಂತು ನೋಡಬೇಕು ಎಂದರಾಯಿತು. ಆದರೆ ಎಷ್ಟು ಹೊರಗೆ? ದತ್ತಾಂಶ ಕೇಂದ್ರದ ಪಕ್ಕದ ಕೊಠಡಿಯಿಂದ ನೋಡಿದರೆ ಸೇವೆ ಸದಾ ಚೆನ್ನಾಗಿಯೇ ಕಾಣುತ್ತದೆ. ಮಿರ್ಜಾನದ ಸೇವಾ ಕೇಂದ್ರವೊಂದರಿಂದ ನೋಡಿದರೆ ಬೇರೆ ಚಿತ್ರ. ಕರಾವಳಿಯ ಮಳೆಗಾಲದಲ್ಲಿ ಮರ ಬಿದ್ದು ವಿದ್ಯುತ್ ಹೋಗುವುದು, ಅಗೆತದಲ್ಲಿ ಕೇಬಲ್ ತುಂಡಾಗುವುದು ಹೊಸತೇನಲ್ಲ. ಆದರೆ ಮಿರ್ಜಾನದಲ್ಲಿ ಮಾತ್ರ ಕಾವಲು ಇಟ್ಟರೆ ಸ್ಥಳೀಯ ಸಂಪರ್ಕ ಕಡಿದಾಗ ಜಗತ್ತಿನ ಸರ್ವರ್‌ಗಳೆಲ್ಲ ಬಿದ್ದಂತೆ ತೋರುತ್ತದೆ. ಆದ್ದರಿಂದ ಎರಡು ಕಡೆ ಕಾವಲು ಬೇಕು, ಒಂದು ಊರಿನಲ್ಲಿ, ಇನ್ನೊಂದು ದೂರದ ನಗರದಲ್ಲಿ. ಎರಡೂ ಕಡೆ ಸೋಲು ಎಂದರೆ ಸರ್ವರ್‌ನದೇ ದೋಷ. ನಗರದಲ್ಲಿ ಗೆಲುವು, ಊರಿನಲ್ಲಿ ಸೋಲು ಎಂದರೆ ನಡುವಿನ ತಂತಿಯ ದೋಷ. ಬೆಂಗಳೂರಿಗೆ ದೂರು ಕೊಟ್ಟು ಲಾಭವಿಲ್ಲ. ಊರಿನ ಸ್ಕ್ರಿಪ್ಟ್ ಮೊದಲು ತನ್ನ ಮೋಡೆಮ್‌ನ್ನೂ ಆಮೇಲೆ ಎಂದೂ ಬೀಳದಂತಹ ಪ್ರಸಿದ್ಧ ತಾಣವೊಂದನ್ನೂ ಪರೀಕ್ಷಿಸಿ, ಎರಡೂ ಸೋತರೆ ‘ನನ್ನ ಸಂಪರ್ಕವೇ ಇಲ್ಲ’ ಎಂದು ಬರೆದುಕೊಂಡು ಸುಮ್ಮನಿರಬೇಕು.

ಕಾವಲುಗಾರನೇ ನಿದ್ದೆ ಹೋದರೆ? ಪತ್ರ ಬಾರದಿದ್ದರೆ ಎಲ್ಲ ಕ್ಷೇಮ ಎಂದುಕೊಳ್ಳುವುದು ಅಪಾಯಕಾರಿ. ದಿನಕ್ಕೊಂದು ಬಾರಿ, ಬೆಳಿಗ್ಗೆ ಒಂಬತ್ತಕ್ಕೆ, ‘ಕಾವಲಿನಲ್ಲಿದ್ದೇನೆ, ನಿನ್ನೆ 288ರಲ್ಲಿ ಇಷ್ಟು ಗೆಲುವು’ ಎಂಬ ಪತ್ರ ಬರುವಂತೆ ಮಾಡಬೇಕು. ಆ ಪತ್ರ ಬಾರದ ದಿನ ಕಾವಲಿನ ಯಂತ್ರವನ್ನೇ ನೋಡಬೇಕೆಂದು ಅರ್ಥ.

ಇದೇ ಸ್ಕ್ರಿಪ್ಟ್‌ಗೆ ಇನ್ನೆರಡು ಸಾಲು ಸೇರಿಸುವುದು ಒಳಿತು. ಒಂದು, ತಟ್ಟೆ ಶೇ 90ರಷ್ಟು ತುಂಬಿದರೆ ಎಚ್ಚರಿಕೆ. ಇದನ್ನು ಮಾತ್ರ ಸರ್ವರ್‌ನ ಒಳಗಿನಿಂದಲೇ ನೋಡಬೇಕು. ಇನ್ನೊಂದು, ಭದ್ರತಾ ಪ್ರಮಾಣಪತ್ರದ ಅವಧಿ. ಉಚಿತವಾಗಿ ಪ್ರಮಾಣಪತ್ರ ನೀಡುವ ‘ಲೆಟ್ಸ್ ಎನ್‌ಕ್ರಿಪ್ಟ್’ ಸಂಸ್ಥೆ ಅವಧಿ ಮುಗಿಯುವ ಮುನ್ನ ಇ-ಮೇಲ್ ಕಳುಹಿಸುವುದನ್ನು 2025ರ ಜೂನ್ 4ರಿಂದ ನಿಲ್ಲಿಸಿದೆ. ಪ್ರಮಾಣಪತ್ರಗಳ ಗರಿಷ್ಠ ಅವಧಿಯನ್ನು 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100 ದಿನ, 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಸಲು 2025ರಲ್ಲಿಯೇ ತೀರ್ಮಾನವಾಗಿದೆ. ವರ್ಷಕ್ಕೊಮ್ಮೆ ನೆನಪಿಟ್ಟುಕೊಂಡು ನವೀಕರಿಸುವ ಪದ್ಧತಿ ಇನ್ನು ನಡೆಯದು.

ನೂರಾರು ಸರ್ವರ್‌ಗಳಿರುವ ಸಂಸ್ಥೆಗಳಿಗೆ ಶೆಲ್ ಸ್ಕ್ರಿಪ್ಟ್ ಸಾಲದು. ಈಥನ್ ಗಾಲ್‌ಸ್ಟಾಡ್ 1999ರಲ್ಲಿ ಆರಂಭಿಸಿ 2002ರಲ್ಲಿ ಮರುನಾಮಕರಣ ಮಾಡಿದ ‘ನಾಗಿಯೋಸ್’, ಇತ್ತೀಚಿನ ‘ಪ್ರೊಮೀಥಿಯಸ್’ ಮುಂತಾದ ಮುಕ್ತ ತಂತ್ರಾಂಶಗಳಿವೆ. ಆದರೆ ನಾಗಿಯೋಸ್ ಒಳಗಿರುವುದೂ ಬಹುಪಾಲು ಇಂತಹ ಚಿಕ್ಕ ಚಿಕ್ಕ ಪರೀಕ್ಷಾ ತಂತ್ರಾಂಶಗಳೇ, ಅವು ಬಿಟ್ಟುಹೋಗುವ ಸಂಖ್ಯೆಗಳೇ.

ದಾಖಲೆ ಯಾರಿಗೆ ಬೇಕು?

ಎಚ್ಚರಿಕೆಯಷ್ಟೇ ಮುಖ್ಯವಾದುದು, ಪ್ರತಿ ಪರೀಕ್ಷೆಯ ಬಳಿಕ ಕಡತಕ್ಕೆ ಸೇರುವ ಒಂದು ಸಾಲು: ದಿನಾಂಕ, ವೇಳೆ, ಸಂಖ್ಯೆ, ತೆಗೆದುಕೊಂಡ ಸೆಕೆಂಡು. 2011ರ ಕರ್ನಾಟಕ ಸಕಾಲ ಸೇವೆಗಳ ಕಾಯ್ದೆ 2012ರ ಏಪ್ರಿಲ್‌ನಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದಿತು. ನಿಗದಿತ ದಿನಗಳೊಳಗೆ ಸೇವೆ ದೊರೆಯದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿಯ ಪರಿಹಾರಕ್ಕೆ ಅದರಲ್ಲಿ ಅವಕಾಶವಿದೆ. ವಿಳಂಬಕ್ಕೆ ಸರ್ವರ್ ಕಾರಣವೆಂದು ಸಿಬ್ಬಂದಿ ಹೇಳುವ ಸಂದರ್ಭದಲ್ಲಿ, ಸರ್ವರ್ ಎಂದು, ಎಷ್ಟು ಹೊತ್ತು ಸ್ಥಗಿತವಾಗಿತ್ತು ಎಂಬ ದಾಖಲೆ ಅರ್ಜಿದಾರರಿಗೆ ಎಷ್ಟು ಬೇಕೋ ಪ್ರಾಮಾಣಿಕ ಸಿಬ್ಬಂದಿಗೂ ಅಷ್ಟೇ ಬೇಕು. ಸರ್ವರ್ ಬಿದ್ದ ದಿನ ಬೈಗುಳ ತಿನ್ನುವುದು ಅದನ್ನು ನಿರ್ವಹಿಸುವವರಲ್ಲ, ಕಿಟಕಿಯಲ್ಲಿ ಕುಳಿತವರು. ತಿಂಗಳ ದಾಖಲೆಯನ್ನು ಗಂಟೆವಾರು ಎಣಿಸಿ ಕಚೇರಿಯ ಫಲಕದಲ್ಲಿ ಹಾಕಿದರೆ, ಯಾವ ವಾರ, ಯಾವ ಹೊತ್ತಿನಲ್ಲಿ ಬರುವುದು ಉತ್ತಮ ಎಂದು ಹನ್ನೊಂದು ಕಿ.ಮೀ. ದೂರದಿಂದ ಬರುವವರೂ ತೀರ್ಮಾನಿಸಬಹುದು.

ದಾಖಲೆ ಇಡುವ ಬಗ್ಗೆ ನಿಯಮವೂ ಇದೆ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸಂಸ್ಥೆಗಳು ತಮ್ಮ ಗಣಕ ವ್ಯವಸ್ಥೆಯ ಲಾಗ್ ದಾಖಲೆಗಳನ್ನು 180 ದಿನ ಕಾಪಾಡಬೇಕು. ಸೈಬರ್ ಘಟನೆಯನ್ನು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಯಂತ್ರಗಳ ಗಡಿಯಾರವನ್ನು ಅಧಿಕೃತ ಸಮಯದೊಂದಿಗೆ ಹೊಂದಿಸಿರಬೇಕು. ಗಡಿಯಾರ ತಪ್ಪಿದ್ದರೆ ದಾಳಿಯ ತನಿಖೆಯಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದೇ ಬಗೆಹರಿಯದು.

ಓದುಗರಲ್ಲಿ ಯಾರಾದರೂ ಇಂತಹ ಸ್ಕ್ರಿಪ್ಟ್ ಬರೆಯಲು ಹೊರಟರೆ ಎಚ್ಚರಿಕೆಯ ಮಾತೊಂದು ಉಳಿದಿದೆ. ತಮ್ಮದಲ್ಲದ ತಾಣವನ್ನು, ಅದರಲ್ಲಿಯೂ ಸರ್ಕಾರಿ ತಾಣವನ್ನು, ಕ್ಷಣಕ್ಷಣಕ್ಕೂ ತಟ್ಟುವಂತಿಲ್ಲ. ಗಣಕ ಸೇವೆಗೆ ಅಡ್ಡಿಪಡಿಸುವುದು, ಅರ್ಹರಿಗೆ ಪ್ರವೇಶ ಸಿಗದಂತೆ ಮಾಡುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 43ರ ವ್ಯಾಪ್ತಿಗೆ ಬರುತ್ತದೆ. ಸಾರ್ವಜನಿಕ ಮುಖಪುಟವನ್ನು ಮಾತ್ರ, ಐದು ಅಥವಾ ಹತ್ತು ನಿಮಿಷಕ್ಕೊಮ್ಮೆ, ಒಂದೇ ಕೋರಿಕೆಯಲ್ಲಿ ನೋಡಿ ಬಿಡಬೇಕು. ಖಾತೆಯ ಒಳಗೆ ಸ್ಕ್ರಿಪ್ಟ್ ಮೂಲಕ ಪ್ರವೇಶಿಸುವುದು, ಚಿತ್ರದಲ್ಲಿನ ಅಕ್ಷರ ಓದುವ ಪರೀಕ್ಷೆಯನ್ನು ತಪ್ಪಿಸುವುದು ಸಲ್ಲದು. ಒಳಗಿನ ಸೇವೆಗಳನ್ನು, ಅಂದರೆ ಹಣ ಪಾವತಿ, ಒಟಿಪಿ ಹಾಗೂ ಆಧಾರ್ ದೃಢೀಕರಣವನ್ನು ಪರೀಕ್ಷಿಸುವ ಹಕ್ಕು ಮತ್ತು ಹೊಣೆ ಎರಡೂ ಆ ಸೇವೆಯನ್ನು ನಡೆಸುವ ಇಲಾಖೆಯದು.